ಮನಸ್ಸಿನ ಬಾಧೆಯನ್ನು ವೈದ್ಯರಿಗೆ ತಿಳಿಸತಕ್ಕ ಕ್ರಮ

ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿಗೆ ಸೇರಿದ ಆವನಿ ಗ್ರಾಮದಲ್ಲಿ ಮಹಾಶಿವರಾತ್ರಿಯ ಕಾಲಕ್ಕೆ ನೆರೆಯುವ ದನಗಳ ಜಾತ್ರೆಯನ್ನು ಅರಿಯದ ರೈತರು ಆ ಪ್ರಾಂತದಲ್ಲಿ ವಿರಳ. ಅಲ್ಲಿ ಎತ್ತಿನ ಜೋಡಿಯನ್ನು ಕೊಳ್ಳಬಂದವನು ಮಾರುವವನ ಮಾತನ್ನು ಮಾತ್ರ ನಂಬಿ ಹಣ ಕೊಡುವುದಿಲ್ಲ. ಬಾಯಿ ತೆರೆಯಿಸಿ ಹಲ್ಲನ್ನು ಎಣಿಸುತ್ತಾನೆ. ಗೊರಸನ್ನು ಎತ್ತಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಯಿಸಿ ನಡೆಯನ್ನು ಪರೀಕ್ಷಿಸುತ್ತಾನೆ. ಮೂಕಪ್ರಾಣಿಯು ತನ್ನ ಬೇನೆಯನ್ನು ತಾನೇ ಹೇಳಲಾರದಾದಕಾರಣ ನೋಡುವವನು ಮೈಮೇಲಿನ ಗುರುತುಗಳಿಂದ ಅದನ್ನು ಊಹಿಸಬೇಕಾಗುವುದು. ಮನುಷ್ಯನಿಗಾದರೋ ಮಾತುಂಟು. ಕಾಲಿಗೆ ಮುಳ್ಳು ಮುರಿದರೆ ಇಂಥಲ್ಲಿ ಮುರಿಯಿತೆಂದು ಹೇಳುತ್ತಾನೆ. ಹೊಟ್ಟೆ ನೊಂದರೆ ಇಂಥ ಹೊತ್ತಿಗೆ ನೊಂದಿತೆಂದು ಹೇಳುತ್ತಾನೆ. ಆದರೆ ಬಾಧೆಯು ಮನಸ್ಸಿನದಾದಾಗ ಅದೇ ಮನುಷ್ಯನು ವೈದ್ಯರ ಮುಂದೆ ತಲೆ ತಗ್ಗಿಸಿ, “ಏನೂ ಇಲ್ಲ ಸ್ವಾಮಿ, ಮೈಕೈ ನೋವು” ಎಂದಷ್ಟೇ ಹೇಳಿ ಎದ್ದು ಬರುವುದುಂಟು.

ಜ್ವರವನ್ನು ಅಳೆಯುವುದಕ್ಕೆ ಉಪಕರಣವಿದೆ. ಮೂಳೆ ಮುರಿದುದನ್ನು ತೋರಿಸುವುದಕ್ಕೆ ಛಾಯಾಚಿತ್ರವಿದೆ. ಸಕ್ಕರೆ ಕಾಯಿಲೆಯನ್ನು ತಿಳಿಯುವುದಕ್ಕೆ ರಕ್ತಪರೀಕ್ಷೆಯಿದೆ. ವ್ಯಸನದಿಂದ ಬಳಲುವ ಮನಸ್ಸನ್ನು ಅಳೆದು ತೋರಿಸುವ ರಕ್ತಪರೀಕ್ಷೆಯು ಇದುವರೆಗೂ ಇಲ್ಲ. ಮನೋವೈದ್ಯರಿಗೆ ರೋಗಿಯ ಮಾತೂ, ಮನೆಯವರ ಮಾತೂ, ತಮ್ಮ ಕಣ್ಣಿನ ಪರಿಶೀಲನೆಯೂ ಮುಖ್ಯವಾದ ಸಾಧನಗಳು. ಆದುದರಿಂದ ಮಾತನ್ನು ಮರೆಮಾಚಿದ ರೋಗಿಗೆ ಎಷ್ಟೇ ನಿಪುಣರಾದ ವೈದ್ಯರೂ ತಕ್ಕ ಚಿಕಿತ್ಸೆ ಮಾಡಲಾರರು. ಹೇಳತಕ್ಕ ವಿಷಯಗಳಾವುವು, ಹೇಳತಕ್ಕ ರೀತಿ ಯಾವುದು, ಇದರಲ್ಲಿ ಗ್ರಾಮದ ಮುಖ್ಯಸ್ಥರೂ ಹಿಡುವಳಿದಾರರೂ ಮಾಡಬಹುದಾದ ಸಹಾಯವೇನು ಎಂಬುದು ಈ ಕೆಳಗೆ ವಿವರಿಸಲ್ಪಟ್ಟಿದೆ.

ಬೇಸಾಯಕ್ಕೂ ಮನಸ್ಸಿಗೂ ಇರುವ ಸಂಬಂಧ

ಬೇಸಾಯದ ಪತ್ರಿಕೆಯಲ್ಲಿ ಇಂಥ ವಿಷಯವೇಕೆಂದು ಕೆಲವರು ಕೇಳಬಹುದು. ಒಳ್ಳೆಯ ಬೀಜವಿದ್ದು, ಗೊಬ್ಬರವಿದ್ದು, ನೀರಿದ್ದು, ಹೊಲಕ್ಕೆ ಹೋಗುವ ಮನಸ್ಸೇ ಇಲ್ಲದಿದ್ದರೆ ಬೆಳೆಯು ಬರಲಾರದೆಂಬುದು ಇದಕ್ಕೆ ಉತ್ತರ. ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲಾ ಹರಿಯತಕ್ಕ ನದಿಯಿಲ್ಲ. ಪೂರ್ವಿಕರು ಕಟ್ಟಿದ ಕೆರೆಗಳೇ ಈ ಸೀಮೆಗೆ ಆಧಾರವಾಗಿದ್ದುವು. ಕೆರೆಗಳು ಬತ್ತಿದ ಮೇಲೆ ರೈತರು ಬಾವಿಗಳನ್ನು ನಂಬಿದರು. ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿಗಳನ್ನು ನಂಬಿದರು. ಅನೇಕ ಗ್ರಾಮಗಳಲ್ಲಿ ಅವು ಸಾವಿರ ಅಡಿಗೂ ಮೀರಿ ಇಳಿದುವು. ೨೦೧೮ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಬರತೊಡಗಿದರೂ, ಸಾಲ ಮಾಡಿ ಕೊರೆಯಿಸಿದ ಕೊಳವೆಬಾವಿಯಲ್ಲಿ ನೀರು ಬಾರದೆ ಹೋದವನ ಸಂಕಟವು ಅದರಿಂದ ತೀರುವುದಿಲ್ಲ. ಟೊಮಾಟೊ ಬೆಳೆದವನು ಒಂದು ವಾರ ಒಳ್ಳೆಯ ಧಾರಣೆಯನ್ನು ಕಂಡು, ಮುಂದಿನ ವಾರ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಹೊಲದಲ್ಲಿಯೇ ಬಿಡಬೇಕಾಗುವುದು. ರೇಷ್ಮೆಹುಳುವಿಗೆ ರೋಗ ತಗುಲಿದರೆ ಒಂದು ಇಡೀ ಬೆಳೆ ಕೆಲವೇ ದಿನಗಳಲ್ಲಿ ಹಾಳಾಗುವುದು. ಇಂಥ ಏರಿಳಿತಗಳ ನಡುವೆ ಬಾಳುವವನ ಮನಸ್ಸಿಗೆ ಆಯಾಸವುಂಟಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ರೈತರ ಆತ್ಮಹತ್ಯೆಗಳ ಕಾರಣಗಳನ್ನು ವಿಚಾರಿಸುವುದಕ್ಕಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಜಿ. ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಸರ್ಕಾರವು ನೇಮಿಸಿದ ಸಮಿತಿಯು ೨೦೦೨ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಬೇಸಾಯದ ಕಷ್ಟವೂ ಮನಸ್ಸಿನ ಕಷ್ಟವೂ ಒಂದೇ ಮನೆಯಲ್ಲಿ ಒಟ್ಟಿಗೆ ವಾಸಮಾಡತಕ್ಕವು. ಮನೋರೋಗಗಳನ್ನು ಕುರಿತು ೨೦೧೫–೧೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ದೇಶದ ಹನ್ನೆರಡು ರಾಜ್ಯಗಳಲ್ಲಿ ಸಮೀಕ್ಷೆಯನ್ನು ನಡೆಯಿಸಿದರು; ಅದಕ್ಕೆ ಮುಂಚೆ ಪ್ರಾಯೋಗಿಕವಾದ ಸಮೀಕ್ಷೆಯು ಕೋಲಾರ ಜಿಲ್ಲೆಯಲ್ಲಿಯೇ ನಡೆಯಿತು. ಹನ್ನೆರಡು ರಾಜ್ಯಗಳ ಲೆಕ್ಕದಲ್ಲಿ, ಮದ್ಯದ ಚಟದಿಂದಾದ ತೊಂದರೆಯೂ ಸೇರಿ, ವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿಗೆ ಮನಸ್ಸಿನ ರೋಗಗಳಿರುವುದು ಕಂಡುಬಂದಿತು. ಅವರಲ್ಲಿ ಬಹುಪಾಲು ಮಂದಿ ಯಾವ ಚಿಕಿತ್ಸೆಯನ್ನೂ ಪಡೆಯದೆ ಇದ್ದರು. ಒಂದೊಂದು ಊರಿಗೂ ಇದೇ ಲೆಕ್ಕವು ಹೊಂದದಿದ್ದರೂ, ಐನೂರು ವಯಸ್ಕರಿರುವ ಗ್ರಾಮದಲ್ಲಿ ಸುಮಾರು ಐವತ್ತು ಮಂದಿ ಇಂಥವರಿರಬಹುದೆಂದು ಮುಖ್ಯಸ್ಥರು ಎಣಿಸಿಕೊಳ್ಳಬಹುದು. ಇದು ಎಲ್ಲೋ ಒಂದು ಮನೆಯ ಅಪರೂಪದ ಸಂಗತಿಯಲ್ಲ.

ಬಾಧೆಯು ಮೈನೋವಿನ ವೇಷದಲ್ಲಿ ಬರುವುದು

ಮನಸ್ಸಿನ ಖಿನ್ನತೆಯು ಹಳ್ಳಿಗಳಲ್ಲಿ ಅದೇ ಹೆಸರಿನಿಂದ ವೈದ್ಯರ ಬಾಗಿಲಿಗೆ ಬರುವುದು ಕಡಮೆ. ತಲೆ ಭಾರ, ಎದೆ ಹಿಂಡಿದಂತಾಗುವುದು, ಕೈಕಾಲು ಸೆಳೆತ, ನಿಶ್ಶಕ್ತಿ, ಹೊಟ್ಟೆಯಲ್ಲಿ ಉರಿ, ಊಟ ಸೇರದಿರುವುದು, ಮೈಯೆಲ್ಲಾ ಬಿಸಿಯೇರಿದಂತಾಗುವುದು ಮುಂತಾದ ಹೆಸರುಗಳಿಂದ ಬರುವುದು. ಈ ನೋವುಗಳು ಸುಳ್ಳಲ್ಲ. ಮನಸ್ಸು ಬಳಲಿದಾಗ ದೇಹವೂ ನಿಜವಾಗಿಯೇ ನೋಯುತ್ತದೆ. ಆದರೆ ದೇಹದ ನೋವನ್ನು ಮಾತ್ರ ಹೇಳಿ ಮನಸ್ಸಿನ ಸ್ಥಿತಿಯನ್ನು ಹೇಳದಿದ್ದರೆ ನೋವಿನ ಮಾತ್ರೆಯೂ ಶಕ್ತಿಯ ಸೂಜಿಮದ್ದೂ ದೊರೆಯುತ್ತವೆಯೇ ಹೊರತು ಮೂಲಕ್ಕೆ ಪರಿಹಾರವು ದೊರೆಯುವುದಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಕೋಲಾರ ಜಿಲ್ಲೆಯ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಹೆಚ್ಚಾಗಿರುವುದರಿಂದ ಕೀಲುನೋವು, ಬೆನ್ನುನೋವುಗಳು ಅದರಿಂದಲೂ ಬರಬಹುದು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಸಕ್ಕರೆ ಕಾಯಿಲೆ ಇವುಗಳಿಂದಲೂ ಮನಸ್ಸು ಕುಗ್ಗಿ ಮೈ ಸೋಲಬಹುದು. ಆದುದರಿಂದ ಮೈಯ ಸಂಗತಿಯನ್ನೂ ಮನಸ್ಸಿನ ಸಂಗತಿಯನ್ನೂ ಎರಡನ್ನೂ ಹೇಳತಕ್ಕದ್ದು. ಯಾವುದು ಯಾವುದರಿಂದ ಬಂದಿತೆಂದು ಬೇರ್ಪಡಿಸುವುದು ವೈದ್ಯರ ಕೆಲಸ; ಬಚ್ಚಿಡದೆ ಹೇಳುವುದು ರೋಗಿಯ ಕೆಲಸ.

ವೈದ್ಯರಲ್ಲಿಗೆ ಹೋಗುವ ಮೊದಲು ಗೊತ್ತುಮಾಡಿಕೊಳ್ಳತಕ್ಕ ವಿಷಯಗಳು

ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳು ಬಹುಮಂದಿ. ಒಬ್ಬೊಬ್ಬರಿಗೆ ದೊರೆಯುವ ವೇಳೆಯು ಸ್ವಲ್ಪ. ಆದಕಾರಣ ಹಿಂದಿನ ದಿನವೇ ಮನೆಯಲ್ಲಿ ಕುಳಿತು ಈ ಕೆಳಗಿನ ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಉತ್ತಮ. ಬರೆಯಲು ಬಾರದವರು ಮಕ್ಕಳಿಂದಾಗಲಿ ನೆರೆಯವರಿಂದಾಗಲಿ ಬರೆಯಿಸಿಕೊಳ್ಳಬಹುದು.

೧. ಕಾಲ: ಈ ಸ್ಥಿತಿಯು ಎಂದಿನಿಂದ ಇದೆ? ತಾರೀಖು ನೆನಪಿಲ್ಲದವರು ಯುಗಾದಿ, ಗೌರಿಹಬ್ಬ, ರಾಗಿಯ ಬಿತ್ತನೆ, ಕೊಯ್ಲು ಇವುಗಳನ್ನು ಗುರುತಾಗಿಟ್ಟುಕೊಂಡು ಹೇಳಬಹುದು. ಬೇಸರವು ಎರಡು ವಾರಗಳಿಗೆ ಮೀರಿ ದಿನದ ಬಹುಪಾಲು ಬಿಡದೆ ಇದ್ದರೆ ಅದು ವೈದ್ಯರಿಗೆ ತಿಳಿಸಲೇಬೇಕಾದ ಸಂಗತಿ.

೨. ನಿದ್ರೆ: ಎಷ್ಟು ಗಂಟೆಗೆ ಮಲಗುವುದು, ಎಷ್ಟು ಹೊತ್ತಿಗೆ ಕಣ್ಣು ಹತ್ತುವುದು, ನಡುರಾತ್ರಿಯಲ್ಲಿ ಎಷ್ಟು ಸಲ ಎಚ್ಚರವಾಗುವುದು, ಬೆಳಗಿನ ಜಾವಕ್ಕೆ ಮುಂಚೆಯೇ ಎಚ್ಚರವಾಗಿ ಚಿಂತೆ ಹತ್ತುವುದೇ ಎಂಬುದು.

೩. ಊಟ: ಮೊದಲು ಎಷ್ಟು ಮುದ್ದೆ ಉಣ್ಣುತ್ತಿದ್ದುದು, ಈಗ ಎಷ್ಟು, ಉಡುವ ಬಟ್ಟೆ ಸಡಿಲವಾಗಿದೆಯೇ ಎಂಬುದು.

೪. ಕೆಲಸ: ಹೊಲಕ್ಕೆ ಹೋಗುವುದು, ದನಕ್ಕೆ ಮೇವು ಹಾಕುವುದು, ಸಂತೆಗೆ ಹೋಗುವುದು, ನಾಲ್ಕು ಜನರೊಡನೆ ಕಟ್ಟೆಯ ಮೇಲೆ ಕೂರುವುದು, ಇವುಗಳಲ್ಲಿ ಯಾವುದು ನಿಂತುಹೋಗಿದೆ ಎಂಬುದು. ಮೊದಲು ಸಂತೋಷ ಕೊಡುತ್ತಿದ್ದ ಯಾವುದು ಈಗ ಬೇಡವಾಗಿದೆ ಎಂಬುದನ್ನು ಮುಖ್ಯವಾಗಿ ಹೇಳತಕ್ಕದ್ದು.

೫. ಮನಸ್ಸು: ಅಳು, ಸಿಟ್ಟು, ಭಯ, ಎದೆಬಡಿತ, ತನ್ನಿಂದ ಯಾರಿಗೂ ಪ್ರಯೋಜನವಿಲ್ಲವೆಂಬ ಭಾವನೆ, ಸಾಯಬೇಕೆಂಬ ಯೋಚನೆ, ಯಾರೂ ಇಲ್ಲದಿರುವಾಗ ದನಿ ಕೇಳಿಸುವುದು, ಇವುಗಳಲ್ಲಿ ಯಾವುದು ಉಂಟು, ವಾರಕ್ಕೆ ಎಷ್ಟು ಸಲ ಎಂಬುದು.

೬. ಮದ್ಯ ಮತ್ತು ತಂಬಾಕು: ದಿನಕ್ಕೆ ಎಷ್ಟು ಎಂಬುದನ್ನು ಕಡಮೆ ಮಾಡದೆ ಹೇಳತಕ್ಕದ್ದು. ಬಹುಕಾಲ ಹೆಚ್ಚಾಗಿ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ನಡುಕ, ಭ್ರಮೆ, ಮೂರ್ಛೆಯ ಸೆಳವು ಸಹ ಬರಬಹುದು. ವೈದ್ಯರಿಗೆ ಮೊದಲೇ ತಿಳಿದಿದ್ದರೆ ಅದಕ್ಕೆ ತಕ್ಕ ಔಷಧವನ್ನು ಕೊಟ್ಟು ನಿಲ್ಲಿಸುವ ಏರ್ಪಾಡನ್ನು ಮಾಡುವರು.

೭. ಔಷಧ: ಹಿಂದೆ ತೆಗೆದುಕೊಂಡ, ಈಗ ತೆಗೆದುಕೊಳ್ಳುತ್ತಿರುವ ಎಲ್ಲಾ ಔಷಧಗಳು, ನಾಟಿ ಔಷಧ, ಅಂಗಡಿಯಿಂದ ತಾನೇ ತಂದ ಮಾತ್ರೆ ಸಹ. ಹಳೆಯ ಚೀಟಿಗಳನ್ನೂ ಮಾತ್ರೆಯ ಪಟ್ಟಿಗಳನ್ನೂ ಜೊತೆಯಲ್ಲಿಯೇ ಒಯ್ಯತಕ್ಕದ್ದು.

೮. ಮನೆತನ: ತಂದೆತಾಯಿಗಳಲ್ಲಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇಂಥ ಬಾಧೆಯಿದ್ದಿತೇ, ಯಾರಾದರೂ ಪ್ರಾಣ ಕಳೆದುಕೊಂಡಿದ್ದಾರೆಯೇ ಎಂಬುದು.

೯. ಸಂದರ್ಭ: ಸಾಲ, ಭಾಗದ ವ್ಯಾಜ್ಯ, ಮಗಳ ಮದುವೆ, ಮನೆಯಲ್ಲಾದ ಸಾವು, ಬೆಳೆನಷ್ಟ. ಸಾಲದ ಮೊತ್ತವನ್ನು ಹೇಳಬೇಕಾದುದಿಲ್ಲ. ಅದರಿಂದ ನಿದ್ರೆಗೆಟ್ಟಿದೆಯೆಂಬುದನ್ನು ಹೇಳಿದರೆ ಸಾಕು.

ಒಂದು ಉದಾಹರಣೆ

ಆವನಿಯ ಸುತ್ತಿನ ಒಂದು ಗ್ರಾಮದಲ್ಲಿ ಎರಡು ಎಕರೆ ಟೊಮಾಟೊ ಹಾಕಿ ನಷ್ಟಪಟ್ಟ ಒಬ್ಬ ರೈತನನ್ನು ಉದಾಹರಣೆಗಾಗಿ ಭಾವಿಸಬಹುದು. ಅವನು ಮೊದಲನೆಯ ಸಲ ವೈದ್ಯರಲ್ಲಿಗೆ ಹೋದಾಗ ಮಾತು ಹೀಗೆ ನಡೆಯುತ್ತದೆ.

ವೈದ್ಯರು: ಏನು ತೊಂದರೆ ಯಜಮಾನರೆ?

ರೈತ: ಮೈಕೈ ನೋವು ಸ್ವಾಮಿ. ನಿಶ್ಶಕ್ತಿ.

ವೈದ್ಯರು: ಬೇರೆ ಏನಾದರೂ ಇದೆಯೆ?

ರೈತ: ಏನೂ ಇಲ್ಲ ಸ್ವಾಮಿ. ಒಂದು ಸೂಜಿ ಹಾಕಿಬಿಡಿ, ಸಾಕು.

ಹೀಗೆ ಮೂರು ಸಲ ಹೋಗಿ ಬಂದರೂ ಗುಣವಾಗುವುದಿಲ್ಲ. ನಾಲ್ಕನೆಯ ಸಲ ಹೆಂಡತಿಯು ಜೊತೆಯಲ್ಲಿ ಬರುತ್ತಾಳೆ. ಹಿಂದಿನ ರಾತ್ರಿ ಮಗಳು ಬರೆದುಕೊಟ್ಟ ಚೀಟಿಯೂ ಕೈಯಲ್ಲಿರುತ್ತದೆ.

ವೈದ್ಯರು: ಈಗ ಹೇಗಿದ್ದೀರಿ ಯಜಮಾನರೆ?

ರೈತ: ಮೈನೋವು ಹಾಗೆಯೇ ಇದೆ ಸ್ವಾಮಿ. ಅದಕ್ಕಿಂತ ಹೆಚ್ಚಿನದನ್ನು ಹೇಳಬೇಕೆಂದು ಬಂದೆ. ಗೌರಿಹಬ್ಬದಿಂದ ಈಚೆಗೆ ನಿದ್ರೆಯಿಲ್ಲ. ಒಂಬತ್ತಕ್ಕೆ ಮಲಗಿದರೆ ಎರಡು ಗಂಟೆಗೆ ಎಚ್ಚರವಾಗುತ್ತದೆ, ಮತ್ತೆ ಕಣ್ಣು ಹತ್ತುವುದಿಲ್ಲ. ಎರಡು ಮುದ್ದೆ ಉಣ್ಣುತ್ತಿದ್ದವನು ಅರ್ಧ ಮುದ್ದೆಗೆ ಎದ್ದುಬಿಡುತ್ತೇನೆ. ತೋಟಕ್ಕೆ ಹೋದರೆ ಬದುವಿನ ಮೇಲೆ ಕುಳಿತವನು ಮಧ್ಯಾಹ್ನದವರೆಗೂ ಏಳುವುದಿಲ್ಲ. ಮಂಡಿಯ ಬಾಕಿ ತೀರಿಲ್ಲ. ಮಗಳು ಮಾತನಾಡಿಸಿದರೆ ರೇಗುತ್ತೇನೆ, ಆಮೇಲೆ ಅಳು ಬರುತ್ತದೆ.

ವೈದ್ಯರು: ಇದ್ದು ಪ್ರಯೋಜನವಿಲ್ಲ, ಹೋಗಿಬಿಡೋಣ ಎಂದು ಅನ್ನಿಸುವುದುಂಟೆ?

ರೈತ: ಉಂಟು ಸ್ವಾಮಿ. ವಾರಕ್ಕೆ ಎರಡು ಮೂರು ಸಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ವೈದ್ಯರು: ಹೇಳಿದ್ದು ಒಳ್ಳೆಯದಾಯಿತು. ಇದಕ್ಕೆ ಔಷಧವಿದೆ. ಅಮ್ಮಾ, ನೀವೂ ಕೇಳಿಸಿಕೊಳ್ಳಿ.

ಎರಡು ಸಂಭಾಷಣೆಗಳಿಗೂ ಇರುವ ಅಂತರವನ್ನು ಓದುಗರು ಗಮನಿಸತಕ್ಕದ್ದು. ಎರಡನೆಯದರಲ್ಲಿ ಕಠಿಣವಾದ ಪದ ಒಂದೂ ಇಲ್ಲ. “ಖಿನ್ನತೆ” ಎಂಬ ಹೆಸರನ್ನೂ ರೈತನು ಹೇಳಲಿಲ್ಲ. ಆದರೂ ಹಬ್ಬದ ಗುರುತಿನಿಂದ ರೋಗದ ಅವಧಿಯೂ, ಗಂಟೆಯ ಲೆಕ್ಕದಿಂದ ನಿದ್ರೆಯ ಸ್ವರೂಪವೂ, ಮುದ್ದೆಯ ಲೆಕ್ಕದಿಂದ ಹಸಿವೂ, ಬದುವಿನ ಮಾತಿನಿಂದ ಕೆಲಸದ ಶಕ್ತಿಯೂ ವೈದ್ಯರಿಗೆ ತಿಳಿದುವು. ಕಡೆಯ ಉತ್ತರದಿಂದ ಪ್ರಾಣಾಪಾಯವು ತಿಳಿಯಿತು. ಮೊದಲ ಸಲವೇ ಇಷ್ಟನ್ನೂ ಹೇಳಿದ್ದರೆ ಮೂರು ಸಲದ ಬಸ್ಸಿನ ಖರ್ಚೂ ಅಷ್ಟು ದಿನಗಳ ಸಂಕಟವೂ ಉಳಿಯುತ್ತಿದ್ದುವು.

ಸಾಯಬೇಕೆಂಬ ಯೋಚನೆಯನ್ನು ಹೇಳುವ ವಿಷಯ

ಇದು ಎಲ್ಲಕ್ಕಿಂತಲೂ ಮುಖ್ಯವಾದುದು. ಇಂಥ ಯೋಚನೆಯನ್ನು ಬಾಯಿಬಿಟ್ಟು ಹೇಳಿದರೆ ಪೋಲೀಸಿನವರು ಬರುವರೆಂಬ ಭಯವು ಇನ್ನೂ ಕೆಲವರಲ್ಲಿದೆ. ಯೋಚನೆಯನ್ನು ವೈದ್ಯರಿಗೆ ಹೇಳುವುದು ಎಂದಿಗೂ ಅಪರಾಧವಲ್ಲ. ಪ್ರಯತ್ನಪಟ್ಟವರ ವಿಷಯದಲ್ಲಿಯೂ ಕಾನೂನು ಬದಲಾಗಿದೆ. ೨೦೧೭ರ ಮಾನಸಿಕ ಆರೋಗ್ಯ ಸಂರಕ್ಷಣಾ ಅಧಿನಿಯಮವು ೨೦೧೮ರ ಮೇ ತಿಂಗಳಿನಿಂದ ಜಾರಿಗೆ ಬಂದು, ಆತ್ಮಹತ್ಯೆಗೆ ಪ್ರಯತ್ನಿಸಿದವನನ್ನು ತೀವ್ರವಾದ ಮಾನಸಿಕ ಒತ್ತಡಕ್ಕೆ ಸಿಕ್ಕಿದವನೆಂದು ಭಾವಿಸತಕ್ಕದ್ದೆಂದೂ, ಅವನಿಗೆ ಆರೈಕೆ ದೊರೆಯುವಂತೆ ಮಾಡುವುದು ಸರ್ಕಾರದ ಕರ್ತವ್ಯವೆಂದೂ ವಿಧಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡಸಂಹಿತೆಯ ೩೦೯ನೆಯ ಕಲಮನ್ನು ಉಳಿಸಿಲ್ಲ.

ಕೇಳಿದರೆ ಇಲ್ಲದ ಯೋಚನೆಯು ಹುಟ್ಟೀತೆಂಬ ಸಂದೇಹವೂ ಉಂಟು. ಇದು ಸರಿಯಲ್ಲ. ಸಮಾಧಾನದಿಂದ ನೇರವಾಗಿ ಕೇಳುವುದರಿಂದ ಅಂಥ ಯೋಚನೆಯು ಹುಟ್ಟುವುದಿಲ್ಲ. ಒಳಗೇ ಬೇಯುತ್ತಿದ್ದವನಿಗೆ ಹೇಳಿಕೊಳ್ಳುವ ದಾರಿ ದೊರೆಯುವುದು. ಆದುದರಿಂದ ಮುಖ್ಯಸ್ಥರು ಸುತ್ತು ಬಳಸದೆ, “ಏನಪ್ಪಾ, ಬದುಕೇ ಬೇಡವೆನ್ನಿಸುತ್ತಿದೆಯಾ?” ಎಂದು ಮರೆಯಲ್ಲಿ ಕೇಳಬಹುದು. ಹೌದೆಂದರೆ ಬುದ್ಧಿ ಹೇಳುವುದಕ್ಕೆ ತೊಡಗದೆ, ಗದರಿಸದೆ, ಅವನನ್ನು ಒಂಟಿಯಾಗಿ ಬಿಡದೆ, ಅದೇ ದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗತಕ್ಕದ್ದು.

ಬೇಸಾಯಗಾರರ ಮನೆಯಲ್ಲಿ ವಿಶೇಷವಾದ ಎಚ್ಚರಿಕೆ ಒಂದುಂಟು. ಬೆಳೆಗೆ ಸಿಂಪಡಿಸುವ ಕೀಟನಾಶಕಗಳು ಮಲಗುವ ಮನೆಯ ಮೂಲೆಯಲ್ಲಿಯೋ ಅಟ್ಟದ ಮೇಲೆಯೋ ಇರುವುದು ವಾಡಿಕೆ. ದುಡುಕಿನ ಗಳಿಗೆಯು ಬಹಳ ಹೊತ್ತು ನಿಲ್ಲತಕ್ಕದ್ದಲ್ಲ. ಆ ಗಳಿಗೆಯಲ್ಲಿ ವಿಷವು ಕೈಗೆ ಸಿಕ್ಕದಿದ್ದರೆ ಎಷ್ಟೋ ಪ್ರಾಣಗಳು ಉಳಿಯುವುವು. ಆದಕಾರಣ ಅವುಗಳನ್ನು ಮನೆಯ ಹೊರಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಬೇರೊಬ್ಬರ ವಶದಲ್ಲಿಡತಕ್ಕದ್ದು. ಬೇಕಾದಷ್ಟನ್ನೇ ತರಬೇಕು, ಉಳಿಸಿಕೊಳ್ಳಬಾರದು. ಅವಘಡವಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿಯನ್ನು ಬಿಟ್ಟು, ೧೦೮ಕ್ಕೆ ಕರೆಮಾಡಿ, ವಿಷದ ಡಬ್ಬಿಯನ್ನೂ ಜೊತೆಗೆ ಒಯ್ದು, ತಡಮಾಡದೆ ಆಸ್ಪತ್ರೆಗೆ ಸೇರಿಸತಕ್ಕದ್ದು.

ಜೊತೆಯಲ್ಲಿ ಹೋಗುವವರ ಕರ್ತವ್ಯ

ಜೊತೆಗೆ ಒಬ್ಬರಿದ್ದರೆ ಅನುಕೂಲ. ರೋಗಿಗೆ ತೋರದ ಬದಲಾವಣೆಗಳು ಮನೆಯವರಿಗೆ ತೋರಿರುತ್ತವೆ. ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಸಂಶಯಪಡುವುದು ಮುಂತಾದ ರೋಗಗಳಲ್ಲಿ ತನಗೆ ರೋಗವಿದೆಯೆಂಬುದೇ ರೋಗಿಗೆ ತಿಳಿಯದಿರಬಹುದಾದ್ದರಿಂದ ಮನೆಯವರ ಮಾತೇ ಆಗ ಆಧಾರವಾಗುವುದು. ಆದರೆ ರೋಗಿಯು ಹೇಳಬಲ್ಲವನಾಗಿದ್ದರೆ ಅವನ ಮಾತನ್ನು ಕಸಿದುಕೊಂಡು ತಾವೇ ಉತ್ತರ ಕೊಡಬಾರದು. ಮೊದಲು ರೋಗಿ, ಆಮೇಲೆ ಮನೆಯವರು, ಇದು ಕ್ರಮ. ಮನೆಯವರ ಮುಂದೆ ಹೇಳಲಾರದ ಸಂಗತಿಯಿದ್ದರೆ, “ಸ್ವಾಮಿ, ಐದು ನಿಮಿಷ ಒಬ್ಬನೇ ಮಾತನಾಡಬೇಕು” ಎಂದು ಕೇಳುವ ಹಕ್ಕು ರೋಗಿಗೆ ಉಂಟು.

ಹೆಂಗಸರ ವಿಷಯದಲ್ಲಿ ಇದನ್ನು ವಿಶೇಷವಾಗಿ ನೆನೆಯತಕ್ಕದ್ದು. ಆವನಿಯ ಬೆಟ್ಟದಲ್ಲಿ ಸೀತಾದೇವಿಯು ವಾಲ್ಮೀಕಿಯ ಆಶ್ರಯದಲ್ಲಿ ಲವಕುಶರನ್ನು ಹಡೆದಳೆಂದು ಸ್ಥಳಪುರಾಣವು ಹೇಳುತ್ತದೆ. ತುಂಬು ಬಸುರಿಯಾಗಿ ಕಾಡಿಗೆ ಬಂದವಳ ದುಃಖವನ್ನು ಕೇಳುವುದಕ್ಕೆ ಅಲ್ಲಿ ಒಬ್ಬ ಋಷಿಯಾದರೂ ಇದ್ದನು. ಇಂದಿನ ಬಾಣಂತಿಯು ಕಾರಣವಿಲ್ಲದೆ ಅತ್ತರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲವೆಂದರೆ, ಅದನ್ನು ಸೋಮಾರಿತನವೆಂದು ಬಯ್ಯುವ ಮನೆಗಳುಂಟು. ಹೆರಿಗೆಯಾದ ಮೇಲೆ ಬರುವ ಖಿನ್ನತೆಯು ಚಿಕಿತ್ಸೆಯಿಂದ ಗುಣವಾಗತಕ್ಕ ರೋಗ. ಸೊಸೆಗೆ ಅತ್ತೆಯ ಮುಂದೆ ಹೇಳಲಾಗದ ಮಾತುಗಳಿರುತ್ತವೆಯಾದ್ದರಿಂದ ಅವಳಿಗೆ ವೈದ್ಯರೊಡನೆ ಏಕಾಂತವಾಗಿ ಮಾತನಾಡುವ ಅವಕಾಶವನ್ನು ಮನೆಯ ಯಜಮಾನರು ಕಲ್ಪಿಸಿಕೊಡತಕ್ಕದ್ದು.

ಭಾಷೆಯ ವಿಷಯದಲ್ಲಿಯೂ ಒಂದು ಮಾತು. ಮುಳಬಾಗಿಲು ಪ್ರಾಂತದಲ್ಲಿ ಅನೇಕರ ಮನೆಮಾತು ತೆಲುಗು. ಸಂತೆಯಲ್ಲಿ ಕನ್ನಡವನ್ನು ಸರಾಗವಾಗಿ ಆಡುವವರಿಗೂ ದುಃಖವು ಮನೆಮಾತಿನಲ್ಲಿಯೇ ಹೊರಗೆ ಬರುವುದು. ಯಾವ ಮಾತಿನಲ್ಲಿ ಅಳು ಬರುವುದೋ ಆ ಮಾತಿನಲ್ಲಿಯೇ ಹೇಳಬಹುದು. ವೈದ್ಯರಿಗೆ ಅದು ಬಾರದಿದ್ದರೆ ಬಲ್ಲವರೊಬ್ಬರನ್ನು ಕರೆಯಿಸುವಂತೆ ಕೇಳಬಹುದು. ವೈದ್ಯರ ಮಾತು ಅರ್ಥವಾಗದಿದ್ದಾಗ ಸಂಕೋಚಕ್ಕೆ ತಲೆಯಾಡಿಸಿ ಬರಬಾರದು. ಇನ್ನೊಮ್ಮೆ ಹೇಳಿರೆಂದು ಕೇಳತಕ್ಕದ್ದು.

ಔಷಧ ಆರಂಭವಾದ ಮೇಲೆ ಹೇಳತಕ್ಕ ವಿಷಯ

ಬೀಜ ಹಾಕಿದ ಮರುದಿನ ಪೈರನ್ನು ಹುಡುಕುವ ರೈತನಿಲ್ಲ. ಖಿನ್ನತೆಯ ಔಷಧಗಳೂ ಹಾಗೆಯೇ. ಅವುಗಳ ಗುಣವು ಕಾಣಿಸಿಕೊಳ್ಳುವುದಕ್ಕೆ ಸಾಧಾರಣವಾಗಿ ಎರಡರಿಂದ ನಾಲ್ಕು ವಾರಗಳು ಬೇಕು. ಮೊದಲ ದಿನಗಳಲ್ಲಿ ಓಕರಿಕೆ, ತಲೆನೋವು, ಮಂಪರು, ಬಾಯಾರಿಕೆ ಮುಂತಾದುವು ತೋರಬಹುದು; ಇವುಗಳನ್ನು ಕಂಡು ಹೆದರಿ ಔಷಧವನ್ನು ಬಿಟ್ಟುಬಿಡುವುದೇ ಹೆಚ್ಚಾಗಿ ನಡೆಯುವ ತಪ್ಪು. ಬಿಡುವುದಕ್ಕೆ ಮುಂಚೆ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನಾಗಲಿ ಔಷಧವನ್ನಾಗಲಿ ಬದಲಾಯಿಸುವರು. ಕಳವಳ ಹೆಚ್ಚಿದರೆ ಅಥವಾ ಸಾಯುವ ಯೋಚನೆ ಬಲವಾದರೆ ಗೊತ್ತಾದ ದಿನದವರೆಗೆ ಕಾಯದೆ ಕೂಡಲೆ ತಿಳಿಸತಕ್ಕದ್ದು.

ಎರಡನೆಯ ಸಲ ಹೋದಾಗ “ಪರವಾಗಿಲ್ಲ ಸ್ವಾಮಿ” ಎಂಬ ಒಂದೇ ಮಾತಿನಿಂದ ಮುಗಿಸಬಾರದು. ನಿದ್ರೆ ಎಷ್ಟು ಗಂಟೆಗೆ ಏರಿತು, ಊಟ ಎಷ್ಟಾಯಿತು, ವಾರದಲ್ಲಿ ಎಷ್ಟು ದಿನ ಹೊಲಕ್ಕೆ ಹೋದುದು, ಎಷ್ಟು ಮಾತ್ರೆಗಳನ್ನು ಮರೆತುದು, ಇವುಗಳನ್ನು ಮೊದಲಿನ ಚೀಟಿಯೊಡನೆ ಹೋಲಿಸಿ ಹೇಳತಕ್ಕದ್ದು. ಗುಣವಾದಂತೆ ತೋರಿದ ಮೇಲೂ ಔಷಧವನ್ನು ಸಾಮಾನ್ಯವಾಗಿ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಮುಂದುವರಿಸಬೇಕಾಗುವುದು. ನಿಲ್ಲಿಸುವುದೂ ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಆಗತಕ್ಕದ್ದು. ಎಲ್ಲರಿಗೂ ಔಷಧವೇ ಬೇಕೆಂಬುದೂ ಇಲ್ಲ. ಕೆಲವರಿಗೆ ಆಪ್ತಸಮಾಲೋಚನೆಯಿಂದಲೇ ಗುಣವಾಗುವುದು. ದೇವರಿಗೆ ಹರಕೆ ಹೊತ್ತವರು ಅದನ್ನು ತೀರಿಸಬಹುದು. ಅದಕ್ಕಾಗಿ ಚಿಕಿತ್ಸೆಯನ್ನು ಮುಂದೆ ಹಾಕಬೇಕಾದುದಿಲ್ಲ.

ಎಲ್ಲಿಗೆ ಹೋಗಬೇಕು

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಗೆ ಏರ್ಪಾಡಿದೆ. “ಮನೋಚೈತನ್ಯ” ಎಂಬ ಹೆಸರಿನಿಂದ ಮನೋವೈದ್ಯರು ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಪದ್ಧತಿಯೂ ರಾಜ್ಯದಲ್ಲಿ ಏರ್ಪಟ್ಟಿತು. ಅವರು ಮುಳಬಾಗಿಲಿಗೆ ಬರುವ ದಿನವನ್ನು ಗ್ರಾಮದ ಆಶಾ ಕಾರ್ಯಕರ್ತೆಯ ಮೂಲಕ ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ.

ಬೆಂಗಳೂರಿನ ನಿಮ್ಹಾನ್ಸ್ ಎಂದೊಡನೆ “ಹುಚ್ಚಾಸ್ಪತ್ರೆ” ಎಂದು ಹಿಂಜರಿಯುವವರುಂಟು. ಆ ಹಳೆಯ ಹೆಸರನ್ನು ಮೈಸೂರು ಸರ್ಕಾರವೇ ೧೯೨೫ರಲ್ಲಿ ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ೧೯೫೪ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ೧೯೭೪ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಅಲ್ಲಿಗೆ ಬರುವವರಲ್ಲಿ ಬಹುಮಂದಿ ಪರೀಕ್ಷೆ ಮಾಡಿಸಿಕೊಂಡು ಔಷಧವನ್ನು ಪಡೆದು ಅಂದೇ ಊರಿಗೆ ಹಿಂದಿರುಗುವರು.

ಊರನ್ನು ಬಿಟ್ಟು ಹೋಗಲಾರದವರಿಗೂ ದಾರಿಯುಂಟು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ “ಟೆಲಿ ಮಾನಸ್” ಎಂಬ ಸರ್ಕಾರದ ದೂರವಾಣಿ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು. ಮೇಲೆ ಹೇಳಿದ ಚೀಟಿಯನ್ನು ಕೈಯಲ್ಲಿಟ್ಟುಕೊಂಡು ಕರೆಮಾಡಿದರೆ ಮಾತು ತಡವರಿಸುವುದಿಲ್ಲ.

ಮುಖ್ಯಸ್ಥರು ಮಾಡತಕ್ಕ ಕೆಲಸ

ಗ್ರಾಮದಲ್ಲಿ ಮುಖ್ಯಸ್ಥರ ಮಾತಿಗೆ ತೂಕವುಂಟು. ಆ ತೂಕವನ್ನು ಈ ವಿಷಯದಲ್ಲಿ ನಾಲ್ಕು ವಿಧವಾಗಿ ಉಪಯೋಗಿಸಬಹುದು. ಮೊದಲನೆಯದಾಗಿ, ಪಂಚಾಯತಿ ಕಚೇರಿಯ ಗೋಡೆಯ ಮೇಲೆಯೂ ಹಾಲಿನ ಡೈರಿಯ ಬಾಗಿಲಿನಲ್ಲಿಯೂ ೧೪೪೧೬ ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆಯಿಸುವುದು. ಎರಡನೆಯದಾಗಿ, ಬೆಳೆ ಹೋದ, ಕೊಳವೆಬಾವಿ ಬತ್ತಿದ, ಮನೆಯಲ್ಲಿ ಸಾವಾದ ಕುಟುಂಬಗಳನ್ನು ಹದಿನೈದು ದಿನಗಳೊಳಗೆ ಒಮ್ಮೆ ಕಂಡು ವಿಚಾರಿಸುವುದು. ಮೂರನೆಯದಾಗಿ, ಆಸ್ಪತ್ರೆಗೆ ಹೋಗುವವನಿಗೆ ಒಂದು ದಿನದ ಕೂಲಿ ತಪ್ಪದಂತೆಯೂ, ಆ ದಿನ ಅವನ ದನಕ್ಕೆ ಮೇವು ನೀರು ತಪ್ಪದಂತೆಯೂ ಏರ್ಪಾಡು ಮಾಡುವುದು. ತಮ್ಮಲ್ಲಿ ದುಡಿಯುವ ಆಳುಗಳ ವಿಷಯದಲ್ಲಿ ಹಿಡುವಳಿದಾರರು ಇದನ್ನು ಮರೆಯಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟವಾದುದು: ಕೇಳಿದ ಮಾತನ್ನು ಹೊರಗೆ ಬಿಡದಿರುವುದು. ರೋಗಿಯ ಸಂಗತಿಯನ್ನು ಗುಟ್ಟಾಗಿಡಬೇಕೆಂದು ೨೦೧೭ರ ಅಧಿನಿಯಮವು ವೈದ್ಯರನ್ನು ಬಂಧಿಸಿದೆ. ಊರಿನ ಕಟ್ಟೆಯನ್ನು ಬಂಧಿಸುವ ಕಾನೂನಿಲ್ಲ. ಅಲ್ಲಿ ಯಜಮಾನರ ನಡತೆಯೇ ಕಾನೂನು. ಒಬ್ಬನು ಹೇಳಿಕೊಂಡ ಮಾತು ಮರುದಿನ ಕಟ್ಟೆಯ ಮೇಲೆ ನಗೆಗೀಡಾದರೆ ಆ ಊರಿನಲ್ಲಿ ಇನ್ನು ಹತ್ತು ವರ್ಷ ಯಾರೂ ಬಾಯಿ ತೆರೆಯಲಾರರು. ಹೇಳಿದವನು ಗುಣವಾಗಿ ಮತ್ತೆ ನೇಗಿಲು ಹಿಡಿದುದನ್ನು ಊರು ಕಂಡರೆ ಎರಡನೆಯವನು ತಾನಾಗಿಯೇ ಬರುವನು.

ಎತ್ತು ಒಂದು ಹೊತ್ತು ಮೇವು ಬಿಟ್ಟರೆ ರೈತನು ಪಶುವೈದ್ಯರನ್ನು ಕರೆತರುತ್ತಾನೆ. ಯಾವಾಗಿನಿಂದ ಮೇವು ಬಿಟ್ಟಿತು, ಎಷ್ಟು ನೀರು ಕುಡಿಯಿತು, ಸಗಣಿ ಹೇಗಿದೆ ಎಂಬುದನ್ನೆಲ್ಲಾ ಲೆಕ್ಕವಾಗಿ ಹೇಳುತ್ತಾನೆ. ಅಷ್ಟೇ ಲೆಕ್ಕವನ್ನು ತನ್ನ ವಿಷಯದಲ್ಲಿಯೂ, ತನ್ನ ಮನೆಯವರ ವಿಷಯದಲ್ಲಿಯೂ, ನಾಚಿಕೆಯಿಲ್ಲದೆ ವೈದ್ಯರಿಗೆ ಒಪ್ಪಿಸುವುದನ್ನು ಅವನು ಕಲಿಯಬೇಕಾಗಿದೆ. ಅದನ್ನು ಕಲಿಸುವುದಕ್ಕೆ ಊರಿನ ಯಜಮಾನರಿಗಿಂತ ತಕ್ಕವರು ಬೇರೆ ಇಲ್ಲ.